ನಮ್ಮ ತಂಡದ ಅತಿ ವಿನಯವಂತ ಫಾರ್ವರ್ಡ್‌ಗಳ ಸನ್ನಿಧಾನಕ್ಕೆ

ಮಸ್ಕತ್, ಸೆಪ್ಟೆಂಬರ್ 1989

ಮಾನ್ಯರೇ,

ಮಂಗಳೂರಿನ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ಫುಟ್‌ಬಾಲ್ ತಂಡದ ಮುಂಚೂಣಿಯನ್ನು ಅಲಂಕರಿಸಿರುವ ಶ್ರೀ ಸ್ಟ್ಯಾನಿ, ಶ್ರೀ ಹೆರಾಲ್ಡ್ ಮತ್ತು ಶ್ರೀ ದೂಮಪ್ಪ, ತಮ್ಮ ಆರೂ ಪಾದಗಳಿಗೆ ಹತ್ತು ವರ್ಷಗಳಿಂದ ಇದೇ ತಂಡದ ಗೋಲು ಕಾಯುತ್ತಿರುವ ನೊರ್ಬರ್ಟನ ವಂದನೆಗಳು. ಬಿಸಿಲು ಇಳಿಯುತ್ತಿದೆ, ಹೊಸ ಸೀಸನ್ ಬಾಗಿಲಿಗೆ ಬಂದಿದೆ. ನಮ್ಮ ಆಕ್ರಮಣದ ಬಲಾಬಲ ನೋಡಿ ವರದಿ ಕೊಡಿ ಎಂದು ಸಂಘದವರು ನನಗೆ ಹೇಳಿದ್ದಾರೆ. ಗೋಲಿನಲ್ಲಿ ನಿಂತವನಿಗೆ ಎಲ್ಲವೂ ಕಾಣುತ್ತದೆಂದು ಅವರ ಎಣಿಕೆ.

ಬಲದ ಬಗ್ಗೆ ದೂರಿಲ್ಲ. ವಾದಿ ಅದಾಯ್‌ನ ಜಲ್ಲಿಕಲ್ಲಿನ ಮೈದಾನದಲ್ಲಿ ದೂಮಪ್ಪನವರು ಊರಿನ ರಜೆಗೆ ವೀಸಾ ಕೊಟ್ಟ ಧಣಿ ಕಫೀಲರ ಸಹಿ ಬಿದ್ದವರಂತೆ ಓಡುತ್ತಾರೆ, ಹೆರಾಲ್ಡರ ಪಾಸು ಅಳೆದಿಟ್ಟ ಹಾಗೆ ಬರುತ್ತದೆ, ಅಭ್ಯಾಸದಲ್ಲಿ ಸ್ಟ್ಯಾನಿಯವರ ಹೊಡೆತ ತಡೆದು ನನ್ನ ಕಿರುಬೆರಳು ಇನ್ನೂ ನೆಟ್ಟಗಾಗಿಲ್ಲ. ಆದರೆ ಪಂದ್ಯದ ದಿನ ಎದುರಾಳಿಯ ಗೋಲಿನ ಮುಂದೆ ತಲುಪಿದೊಡನೆ ತಮಗೆ ಕಾಲೇಜು ನೆನಪಾಗುತ್ತದೆ. ಎಂಬತ್ತೊಂದರ ಬ್ಯಾಚಿನ ದೂಮಪ್ಪನವರು ಎಪ್ಪತ್ತಾರರ ಹೆರಾಲ್ಡರಿಗೆ "ನೀವು ಹೊಡೀರಿ ಮಾರಾಯ್ರೆ" ಎಂದು ಚೆಂಡು ದಾಟಿಸುತ್ತಾರೆ, ಹೆರಾಲ್ಡರು ಎಪ್ಪತ್ತೊಂದರ ಸ್ಟ್ಯಾನಿಯವರಿಗೆ ಒಪ್ಪಿಸುತ್ತಾರೆ, ಅಷ್ಟರಲ್ಲಿ ಎದುರಾಳಿಗಳು ಬಂದು ಅದನ್ನು ತೆಗೆದುಕೊಂಡು ಹೋಗುತ್ತಾರೆ. ತಟ್ಟೆಯ ಕೊನೆಯ ಮೀನಿನ ತುಂಡಿಗೆ ಯಾರೂ ಕೈ ಹಾಕದೆ ಕಡೆಗೆ ಬೆಕ್ಕಿನ ಪಾಲಾದ ಹಾಗೆ.

ಕಳೆದ ಸೀಸನ್ನಿನ ಕೊನೆಯ ಪಂದ್ಯದಲ್ಲಂತೂ, ಮತ್ರಾದ ಅಂಗಡಿಯವರ ತಂಡದ ಗೋಲ್‌ಕೀಪರ್ ಕಾಲು ಜಾರಿ ಬಿದ್ದು ಗೋಲು ಹಾಳು ಸುರಿಯುತ್ತಿದ್ದಾಗ, ಚೆಂಡು ಪದ್ಧತಿಯಂತೆ ಸ್ಟ್ಯಾನಿಯವರನ್ನು ತಲುಪಿತು. ಆ ಗಳಿಗೆಯಲ್ಲಿ ಅವರಿಗೆ ನಾನು ಅರವತ್ತಾರರ ಬ್ಯಾಚಿನವನೆಂಬುದು ಹೊಳೆದು, ಅವರು ತಿರುಗಿ ನಿಂತು ಚೆಂಡನ್ನು ಇಡೀ ಮೈದಾನ ದಾಟಿಸಿ ನನಗೇ ಕಳಿಸಿದರು. ನಡುವಿನ ನಮ್ಮವರೆಲ್ಲ ನನಗಿಂತ ಕಿರಿಯರಾದ್ದರಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದೆ. ಗೋಲಾಯಿತು, ನಮ್ಮದಕ್ಕೇ. "ಕ್ಷಮಿಸಿ ಸರ್, ತಾವಿರುವಾಗ ನಾನು ಹೊಡೆಯುವುದು ಚಂದವಲ್ಲ" ಎಂದು ಸ್ಟ್ಯಾನಿಯವರು ಕೈಮುಗಿದದ್ದನ್ನು ನಾನು ಸಾಯುವವರೆಗೆ ಮರೆಯಲಾರೆ.

ಬಡವನ ಕೋಪ ದವಡೆಗೆ ಮೂಲ, ಆದ್ದರಿಂದ ಕೋಪಿಸಿಕೊಳ್ಳದೆ ಬೇಡಿಕೊಳ್ಳುತ್ತಿದ್ದೇನೆ. ಕಾಲೇಜಿನ ಪ್ರಿನ್ಸಿಪಾಲರಿಗೆ ಬರೆದು ತಮ್ಮನ್ನೆಲ್ಲ ಒಂದೇ ವರ್ಷ, ಸಾಧ್ಯವಾದರೆ ಒಂದೇ ಬೆಂಚಿನಲ್ಲಿ, ಓದಿದವರೆಂದು ಹೊಸ ಸರ್ಟಿಫಿಕೇಟು ತರಿಸಿಕೊಳ್ಳಿ. ಅದಾಗದಿದ್ದರೆ, ತಾವು ಒಬ್ಬರಿಗೊಬ್ಬರು ಉಪಚಾರ ಮಾಡಿ ಮುಗಿಸುವವರೆಗೆ ಕಾಯಲು ಎದುರು ತಂಡದವರಿಗೆ ಕುರ್ಚಿ, ಕಾವಾ ಕಾಫಿ, ಖರ್ಜೂರ ಒದಗಿಸಿ.

ಇದಕ್ಕೆ ಅವಸರವಿದೆ. ಮಾರ್ಚಿಗೆ ನನ್ನ ಕೆಲಸ ಖಲಾಸ್. ವೀಸಾ ಮುಂದುವರಿಸುವುದಿಲ್ಲವೆಂದು ಕಫೀಲರು ಹೇಳಿಯಾಗಿದೆ. ನನ್ನ ಹೆಂಡತಿ ಆಗ್ನೆಸ್ ಇಲ್ಲಿಗೆ ಬಂದ ಈ ನಾಲ್ಕು ವರ್ಷ ಪ್ರತಿ ಶುಕ್ರವಾರ ಥರ್ಮಾಸ್ ಹಿಡಿದು ಮೈದಾನದ ಬದಿಯಲ್ಲಿ ಕುಳಿತಿದ್ದಾಳೆ, ನಮ್ಮವರು ಎದುರಾಳಿಗೆ ಹೊಡೆದ ಒಂದು ಗೋಲನ್ನೂ ನೋಡಿಲ್ಲ. ಮೊನ್ನೆ ಅವಳು, ನಮ್ಮದು ಗೋಲಾದರೆ ಕೂಗಬೇಕೋ ಚಪ್ಪಾಳೆ ತಟ್ಟಬೇಕೋ ಎಂದು ಕೇಳಿದಳು. ಅವಳು ತಮಾಷೆ ಮಾಡಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ನನಗೆ ಬಹಳ ಬೇಸರವಾಯಿತು. ಊರಿಗೆ ಹೋಗುವ ಮೊದಲು ಅವಳಿಗೊಂದು ಗೋಲು ತೋರಿಸಬೇಕು, ಇಷ್ಟೇ ನನ್ನ ಆಸೆ.

ತಮ್ಮ ಬೆನ್ನುಗಳನ್ನು ಮಾತ್ರ ನೋಡಬೇಕಾಗಿದ್ದೂ ಮುಖಗಳನ್ನೇ ಹೆಚ್ಚಾಗಿ ನೋಡಿದ,
ತಮ್ಮ ವಿಶ್ವಾಸಿ,
ನೊರ್ಬರ್ಟ್ (ಅರವತ್ತಾರರ ಬ್ಯಾಚು)

ತಾ.ಕ.: ತಂಡದಲ್ಲಿ ನನಗಿಂತ ಹಿರಿಯರಿಲ್ಲವೆಂದು ಖಚಿತಪಡಿಸಿಕೊಂಡಿದ್ದೇನೆ. ಆದ್ದರಿಂದ ಚೆಂಡಿಗೆ ಅಷ್ಟು ದೂರದ ಪ್ರಯಾಣ ತಪ್ಪಿಸಲು, ಮುಂದಿನ ಶುಕ್ರವಾರ ನಾನು ನಮ್ಮ ಗೋಲನ್ನು ಖಾಲಿ ಬಿಟ್ಟು ಎದುರಾಳಿಯ ಗೋಲಿನ ಮುಂದೆಯೇ ಬಂದು ನಿಲ್ಲುತ್ತೇನೆ. ಪದ್ಧತಿಯಂತೆ ಚೆಂಡನ್ನು ನನಗೇ ಒಪ್ಪಿಸಿ. ಕೂಗಬೇಕೆಂದು ಆಗ್ನೆಸಳಿಗೆ ಹೇಳಿಯಾಗಿದೆ.