ಅಂಟುವಾಳಕಾಯಿ ಸಂಸಾರ

"ದಿನಕ್ಕೆ ಮೂರು ಸಲ ಅಂಗಡಿಗೆ ಹೋಗ್ತೀರಾ. ಮೂರು ಸಲಾನೂ ಏನಾದ್ರೂ ಹೊತ್ಕೊಂಡ್ ಬರ್ತೀರಾ. ಈ ಮನೇಲಿರೋದು ಇಬ್ರು. ನಾಲ್ಕು ಪಾತ್ರೆ ತೊಳೆಯೋಕೆ ಆರು ಥರದ ಸೋಪು ಯಾಕ್ರೀ ಬೇಕು?"

ಒಂದು ಭಾನುವಾರ ಬೆಳಗ್ಗೆ ಸಿಂಕಿನ ಕೆಳಗಿನ ಬಾಗಿಲು ತೆಗೆದು ನಿಂತು ಕೆಂಪಕ್ಕ ಹೊರಿಸಿದ ಆರೋಪ ಇದು. ಆರೋಪಿ ವೆಂಕಟಸ್ವಾಮಿಯವರು ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಆರೋಪ ಸುಳ್ಳಾಗಿರಲಿಲ್ಲವಾದ್ದರಿಂದ ಲೋಟದೊಳಕ್ಕೇ ನೋಡುತ್ತಿದ್ದರು.

ವೆಂಕಟಸ್ವಾಮಿಯವರು ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಬನಶಂಕರಿಯಿಂದ ಕನಕಪುರ ರಸ್ತೆಯುದ್ದಕ್ಕೂ ದಿನಕ್ಕೆ ಏನಿಲ್ಲವೆಂದರೂ ಸಾವಿರ ಜನರೊಡನೆ ಮಾತಾಡಿದ ಬಾಯಿ ಅದು. (ಅದರಲ್ಲಿ ಮುನ್ನೂರು ಜಗಳ. ಜಗಳವೂ ಮಾತೇ ತಾನೇ.) ನಿವೃತ್ತಿಯ ದಿನ ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಮೈಸೂರುಪಾಕಿನ ಡಬ್ಬ ಕೊಟ್ಟು ಕಳಿಸಿದರು. ಮರುದಿನದಿಂದ ಆ ಬಾಯಿಗೆ ಊಟ ಬಿಟ್ಟರೆ ಬೇರೆ ಕೆಲಸವಿಲ್ಲ.

ಕೆಂಪಕ್ಕನಿಗೆ ಇನ್ನೂ ನಾಲ್ಕು ವರ್ಷ ಸರ್ವೀಸಿತ್ತು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಬೆಳಗ್ಗೆ ಏಳೂವರೆಗೆ ಹೊರಟರೆ ಸಂಜೆ ಏಳಕ್ಕೆ ಜರಗನಹಳ್ಳಿಯ ಮನೆಗೆ ವಾಪಸು. ಬಂದವರೇ ಚಪ್ಪಲಿ ಬಿಟ್ಟು, ಕಾಲು ಚಾಚಿ, ಕಣ್ಣು ಮುಚ್ಚಿ ಹೇಳುವುದು ಒಂದೇ ಮಾತು: "ಇನ್ನೂರು ಮಿಷಿನ್ ಸದ್ದು ಕೇಳ್ಕೊಂಡ್ ಬಂದಿದ್ದೀನಿ. ದಯವಿಟ್ಟು ನೀವೂ ಶುರು ಹಚ್ಕೋಬೇಡಿ." ಮಗಳು ವನಿತಾ ಮದುವೆಯಾಗಿ ತಲಘಟ್ಟಪುರದಲ್ಲಿದ್ದಳು. ವಾರಕ್ಕೊಮ್ಮೆ ತಪ್ಪದೆ ಫೋನ್ ಮಾಡಿ, "ಅಪ್ಪಾ, ಊಟ ಆಯ್ತಾ? ಅಮ್ಮಂಗೆ ಕೊಡು" ಎನ್ನುತ್ತಿದ್ದಳು.

ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ವೆಂಕಟಸ್ವಾಮಿಯವರಿಗೆ ಜೊತೆಯೆಂದರೆ ಫ್ರಿಜ್ಜು. ಅದು ಅರ್ಧ ಗಂಟೆಗೊಮ್ಮೆ ಗುರ್ ಎನ್ನುತ್ತಿತ್ತು. ಇವರು ತಲೆಯೆತ್ತಿ ನೋಡುತ್ತಿದ್ದರು. ಅದು ಸುಮ್ಮನಾಗುತ್ತಿತ್ತು.

ಇರಲಿ. ಹೆಂಡತಿಯ ಮಾತು ವೆಂಕಟಸ್ವಾಮಿಯವರ ಮರ್ಮಕ್ಕೆ ತಾಗಿತು. ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತು ಐತಿಹಾಸಿಕ ಘೋಷಣೆಯೊಂದನ್ನು ಮಾಡಿದರು.

"ಆಯ್ತು. ಇವತ್ತಿಂದ ಈ ಮನೆಗೆ ಅಂಗಡಿ ಸೋಪು ಬರಲ್ಲ. ಸೋಪು, ಹಲ್ಲುಪುಡಿ, ನೆಲ ಒರೆಸೋ ನೀರು, ಸಾರಿನ ಪುಡಿ, ಎಲ್ಲಾ ಮನೇಲೇ ಮಾಡ್ತೀನಿ!"

"ಮಾಡಿ ಮಾಡಿ" ಎಂದರು ಕೆಂಪಕ್ಕ. "ಮೊದ್ಲು ಆ ಲೋಟ ತೊಳೀರಿ."

ಮರುದಿನವೇ ಅಡುಗೆಮನೆಯಲ್ಲಿ ಗೃಹಕೈಗಾರಿಕೆಯ ಉದ್ಘಾಟನೆಯಾಯಿತು. ಫೋನಿನಲ್ಲಿ ಯಾರೋ ಹೇಳಿಕೊಡುವುದನ್ನು ನೋಡಿಕೊಂಡು, ಸಾರಕ್ಕಿಯ ಗ್ರಂಧಿಗೆ ಅಂಗಡಿಯಿಂದ ಮೂರು ಕೇಜಿ ಅಂಟುವಾಳಕಾಯಿ ಒಮ್ಮೆಗೇ ತಂದು, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ನಿಂಬೆಹೋಳಿನ ಜೊತೆ ಕುದಿಸಿ, ಕಿವುಚಿ, ಸೋಸಿದರು. ಮೊದಲ ಸಲದ್ದು ಉಕ್ಕಿ ಒಲೆಯ ಮೇಲೆಲ್ಲ ನೊರೆ ಹರಿಯಿತು. ಒರೆಸಿದಷ್ಟೂ ನೊರೆ. ಮಧ್ಯಾಹ್ನದ ಹೊತ್ತಿಗೆ ಒಲೆ, ಗೋಡೆ, ನೆಲ ಮತ್ತು ವೆಂಕಟಸ್ವಾಮಿಯವರು ಫಳಫಳ ಹೊಳೆಯುತ್ತಿದ್ದರು. ಹಲ್ಲುಪುಡಿಗೆ ತೆಂಗಿನ ಚಿಪ್ಪು ಸುಟ್ಟು, ಲವಂಗ, ಉಪ್ಪು ಸೇರಿಸಿ ಕುಟ್ಟಿದರು. ಅದರಲ್ಲಿ ಹಲ್ಲುಜ್ಜಿಕೊಂಡು, ಹಲ್ಲಿನ ಸಂದಿಯೆಲ್ಲ ಕಪ್ಪಾಗಿ ಫ್ಯಾಕ್ಟರಿಗೆ ಹೋದ ಕೆಂಪಕ್ಕನನ್ನು ಗೇಟಿನ ವಾಚ್‌ಮನ್, "ಏನಕ್ಕಾ, ಹಲ್ಲಿಗೆ ಪೆಟ್ಟು ಬಿತ್ತಾ?" ಎಂದು ಕೇಳಿದನಂತೆ.

ಇಷ್ಟಾದರೂ ಮೂರನೇ ವಾರಕ್ಕೆ ಪಾತ್ರೆ ತೊಳೆಯುವ ನೀರು ಹದಕ್ಕೆ ಬಂತು. ನಿಜವಾಗಿ ಚೆನ್ನಾಗಿತ್ತು. ಜಿಡ್ಡು ಹೋಗುತ್ತಿತ್ತು, ಕೈ ಉರಿಯುತ್ತಿರಲಿಲ್ಲ. ಕೆಂಪಕ್ಕ ಒಂದು ಬಾಟಲಿಯನ್ನು ಫ್ಯಾಕ್ಟರಿಗೆ ಒಯ್ದರು. ಮರುದಿನ ಎರಡು ಒಯ್ದರು.

"ನಮ್ಮ ಲೈನಿನ ಹುಡ್ಗೀರೆಲ್ಲ ಕೇಳ್ತಾವ್ರೆ" ಎಂದರು ಒಂದು ಸಂಜೆ ಊಟ ಮಾಡುತ್ತ. "'ಎಂಥ ಗಂಡ ಅಕ್ಕಾ ನಿಮ್ದು, ನಮ್ಮನೇವು ಲೋಟ ಎತ್ತಿಡಲ್ಲ' ಅಂತವೆ. ಆಫೀಸಿನ ಎಚ್ಚಾರ್ ಮೇಡಂಗೂ ಒಂದು ಬೇಕಂತೆ."

ವೆಂಕಟಸ್ವಾಮಿಯವರು ಅನ್ನ ಕಲೆಸುವುದನ್ನು ನಿಲ್ಲಿಸಿದರು. ಹೆಂಡತಿ ಊಟದ ಹೊತ್ತಿನಲ್ಲಿ ಒಟ್ಟಿಗೆ ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತು! "ಮೇಡಂ ಏನಂದ್ರು? ಪೂರ್ತಿ ಹೇಳು" ಎಂದರು ಆಸೆಯಿಂದ. ಆದರೆ ಕೆಂಪಕ್ಕನ ಕಣ್ಣು ಆಗಲೇ ಎಳೆಯುತ್ತಿತ್ತು.

ಉತ್ಪಾದನೆ ಏರಿತು. ಆದರೆ ಸಂಸ್ಥಾಪಕರು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿಯೊಂದಿತ್ತು. ಎಲ್ಲವೂ ಮನೆಯಲ್ಲೇ ತಯಾರಾಗತೊಡಗಿದ ಮೇಲೆ ಅವರಿಗೆ ಮನೆಯಿಂದ ಹೊರಗೆ ಹೋಗುವ ಕಾರಣವೇ ಉಳಿಯಲಿಲ್ಲ. ಬೆಳಗ್ಗೆ ಬೀದಿಯಲ್ಲೇ ಇದ್ದ ದಿನೇಶನ ದಿನಸಿ ಅಂಗಡಿಯಲ್ಲಿ ಸೋಪು ಕೊಳ್ಳುವ ನೆಪದಲ್ಲಿ ಮೆಟ್ರೋ ಬಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಬೆಂಕಿಪೊಟ್ಟಣದ ನೆಪದಲ್ಲಿ ಟೊಮೆಟೊ ರೇಟಿನ ಬಗ್ಗೆ ಹದಿನೈದು ನಿಮಿಷ ಮಾತಾಡುತ್ತಿದ್ದುದು ನಿಂತೇಹೋಯಿತು. ಅಂಟುವಾಳಕಾಯಿಯೊಂದಿಗೆ ಮಾತಾಡಬಹುದಿತ್ತು. ಮಾತಾಡಿಯೂ ನೋಡಿದರು. "ಇನ್ನೂ ಬೇಯ್ಬೇಕೇನಪ್ಪಾ?" ಎಂದು ಕೇಳಿದ ತಮ್ಮ ದನಿಯೇ ಖಾಲಿ ಅಡುಗೆಮನೆಯಲ್ಲಿ ಕೇಳಿ ಅವರಿಗೇ ಗಾಬರಿಯಾಯಿತು.

ಆ ದಿನಗಳಲ್ಲೇ ಬಾಟಲಿ ಸಿಡಿದದ್ದು. ನೆಲ ಒರೆಸುವ ನೀರಿಗಾಗಿ ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಹಾಕಿ ಕೊಳೆಯಲಿಟ್ಟಿದ್ದರು. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಎರಡು ದಿನ ಮರೆತರು. ಮೂರನೇ ದಿನ ಹನ್ನೊಂದು ಗಂಟೆಗೆ ಢಮ್ ಎಂದು ಮುಚ್ಚಳ ಸೂರಿಗೆ ಹೊಡೆದು, ಸಿಪ್ಪೆಯೆಲ್ಲ ಫ್ಯಾನಿಗೆ ತೋರಣವಾಯಿತು.

ಸದ್ದಿಗೆ ಮೊದಲು ಓಡಿಬಂದವರು ಮನೆ ಮಾಲೀಕರಾದ ಚಿಕ್ಕಬೈರಪ್ಪನವರು. "ಏನ್ರೀ ವೆಂಕಟಸ್ವಾಮಿ, ಸಿಲಿಂಡ್ರಾ? ನನ್ ಬಿಲ್ಡಿಂಗ್ ಬೀಳ್ಸ್ತೀರೇನ್ರೀ?"

"ಸಿಲಿಂಡ್ರಲ್ಲಣ್ಣ, ಕಿತ್ತಳೆ ಸಿಪ್ಪೆ."

"ಸಿಪ್ಪೆ ಎಲ್ಲಾದ್ರೂ ಸಿಡೀತದಾ?"

ಮೇಲಿನ ಮನೆಯವರು ಬಂದರು, ಎದುರು ಮನೆಯವರು ಬಂದರು, ಇಸ್ತ್ರಿ ಅಂಗಡಿಯವನು ಕೆಂಡದ ಪೆಟ್ಟಿಗೆ ಬಿಟ್ಟು ಬಂದ. ವೆಂಕಟಸ್ವಾಮಿಯವರು ತಲೆಯ ಮೇಲಿನ ಸಿಪ್ಪೆಯನ್ನೂ ತೆಗೆಯದೆ ಎಲ್ಲರಿಗೂ ಮೊದಲಿನಿಂದ ವಿವರಿಸಿದರು. ತಡವಾಗಿ ಬಂದವರಿಗೆ ಮತ್ತೆ ವಿವರಿಸಿದರು. ಒಂದು ಗಂಟೆ ಮನೆ ತುಂಬ ಜನ! ಹನ್ನೊಂದು ಲೋಟ ಕಾಫಿ ಮಾಡಿದರು. ನಂತರ ಎಲ್ಲರೂ ಹೋದರು. ಫ್ರಿಜ್ಜು ಗುರ್ ಎಂದಿತು.

ಮೂಲೆಯಲ್ಲಿ ಇನ್ನೊಂದು ಬಾಟಲಿ ಇತ್ತು. ವೆಂಕಟಸ್ವಾಮಿಯವರು ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಹತ್ತಿರ ಹೋಗಿ ಮುಚ್ಚಳದ ಮೇಲೆ ಕೈಯಿಟ್ಟರು. (ಬಿಗಿ ಮಾಡಲಿಲ್ಲ. ಮಾಡಿದರೂ ಅರ್ಧ ಸುತ್ತು ಅಷ್ಟೇ.) ಆಮೇಲೆ ನಾಚಿಕೆಯಾಗಿ, ಪೂರ್ತಿ ಸಡಿಲಿಸಿ, ಅಂಗಿ ಹಾಕಿಕೊಂಡು ದಿನೇಶನ ಅಂಗಡಿಗೆ ಹೊರಟರು.

"ಓ, ಅಂಕಲ್! ಮನೆ ಖಾಲಿ ಮಾಡ್ಕೊಂಡ್ ಹೋದ್ರಿ ಅಂದ್ಕೊಂಡಿದ್ದೆ" ಎಂದ ದಿನೇಶ. ವೆಂಕಟಸ್ವಾಮಿಯವರು ಇಷ್ಟು ದಿನ ಅಂಗಡಿಗೆ ಬಾರದಿದ್ದುದನ್ನು ಒಬ್ಬನಾದರೂ ಗಮನಿಸಿದ್ದ. "ಎಲ್ಲಿಗ್ ಹೋಗ್ಲಪ್ಪಾ" ಎನ್ನುತ್ತ ಕೌಂಟರಿಗೆ ಮೊಣಕೈ ಊರಿದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬಾಕೆ, "ಅಂಕಲ್, ಏನಾದ್ರೂ ತಗೋತೀರಾ, ಇಲ್ಲಾ ಸೈಡಿಗೆ ಬರ್ತೀರಾ?" ಎಂದರು.

ಟಿಕೆಟ್ ಇಲ್ಲದ ಎಷ್ಟು ಜನರನ್ನು ಅವರೇ ಬಸ್ಸಿಂದ ಇಳಿಸಿರಲಿಲ್ಲ! "ಒಂದು ಪಾತ್ರೆ ಸೋಪು ಕೊಡಪ್ಪ" ಎಂದರು ತಟ್ಟನೆ. ಕೊಂಡ ಮೇಲೆ ಅರ್ಧ ಗಂಟೆ ಹಕ್ಕಿನಿಂದ ನಿಂತು ಮಾತಾಡಿದರು.

ಅಂದಿನಿಂದ ವೆಂಕಟಸ್ವಾಮಿಯವರದು ಇಬ್ಬಗೆಯ ಜೀವನ. ಬೆಳಗ್ಗೆ ಮನೆಯಲ್ಲಿ ಸೋಪಿನ ನೀರು ಕುದಿಸುವುದು, ಹನ್ನೊಂದಕ್ಕೆ ಹೋಗಿ ಅಂಗಡಿಯ ಸೋಪು ಕೊಳ್ಳುವುದು. ಮಾತು ಮೆಟ್ರೋ ಬಗ್ಗೆಯಾದರೆ ಬಾರ್ ಸೋಪು. ದಿನೇಶನ ತಂಗಿಯ ಮದುವೆ ಮಾತುಕತೆಯಂಥ ದೊಡ್ಡ ವಿಷಯವಾದರೆ ಸಾರಿನ ಪುಡಿ, ಟೂತ್‌ಪೇಸ್ಟು ಎರಡೂ. ಕೊಂಡದ್ದನ್ನು ಮನೆಯಲ್ಲಿ ಬಳಸುವಂತಿಲ್ಲ, ಎಸೆಯಲು ಮನಸ್ಸಿಲ್ಲ. ಎಲ್ಲವನ್ನೂ ಮಂಚದ ಕೆಳಗಿನ ಹಳೇ ಟ್ರಂಕಿಗೆ ತುಂಬಿ, ಮೇಲೊಂದು ಕಂಬಳಿ ಹಾಸಿದರು.

ಡಿಸೆಂಬರಿನ ಚಳಿ ಶುರುವಾದ ಒಂದು ಭಾನುವಾರ ಕೆಂಪಕ್ಕನಿಗೆ ಆ ಕಂಬಳಿ ಬೇಕಾಯಿತು.

"ರೀ! ಬನ್ರೀ ಇಲ್ಲಿ!"

ಹೋಗಿ ನೋಡಿದರೆ ಟ್ರಂಕಿನ ಬಾಯಿ ತೆರೆದಿತ್ತು. ನೆಲದ ಮೇಲೆ ಸೋಪು, ಟೂತ್‌ಪೇಸ್ಟು, ಲಿಕ್ವಿಡ್ಡಿನ ಪ್ಯಾಕೆಟ್ಟು, ಸಾರಿನ ಪುಡಿಯ ಪೊಟ್ಟಣಗಳು. ಇನ್ನೊಂದು ದಿನೇಶನ ಅಂಗಡಿಯನ್ನೇ ತೆರೆಯಬಹುದಿತ್ತು. ನಡುವೆ ಕೆಂಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಗೊತ್ತಾಯ್ತು ಬಿಡಿ! ಇದನ್ನ ಬಾಟ್ಲಿಗೆ ಬಗ್ಗಿಸಿ, ಮನೇಲ್ ಮಾಡಿದ್ದು ಅಂತ ನಂಗೆ ಕೊಡ್ತಿದ್ರಿ!"

"ಅಯ್ಯೋ ಇಲ್ಲ ಕೆಂಪೂ, ನೋಡು, ಒಂದೂ ಒಡ್ದಿಲ್ಲ..."

"ಒಡ್ದಿರೋದು ಮುಗ್ದೋಗಿದೆ. ಇದು ಸ್ಟಾಕು! ಎಚ್ಚಾರ್ ಮೇಡಂಗೆ ಕೊಟ್ಟಿದ್ದೀನಲ್ರೀ! ನಮ್ಮೆಜಮಾನ್ರು ಕೈಯಾರೆ ಮಾಡಿದ್ದು ಅಂತ ಜಂಬ ಕೊಚ್ಕೊಂಡು ಬಂದಿದ್ದೀನಿ! ಮೋಸ ತಾನೆ? ಇಲ್ಲಾಂದ್ರೆ ಇದೆಲ್ಲ ಯಾಕೆ ತಂದ್ರಿ ಹೇಳಿ ಮತ್ತೆ!"

ವೆಂಕಟಸ್ವಾಮಿಯವರು ಬಾಯಿ ತೆರೆದರು. ನಿಜ ಹೇಳುವುದೇನೂ ಕಷ್ಟವಿರಲಿಲ್ಲ. ಯಾರಾದರೂ ಮಾತಾಡಲಿ ಎಂದು ಇದೆಲ್ಲ ತಂದೆ. ನೀನಿಲ್ಲದ ಹೊತ್ತು ಮನೆ ನನ್ನನ್ನು ತಿನ್ನುತ್ತದೆ. ಎರಡೇ ಮಾತು. ಆದರೆ ಎದುರಿಗೆ ಹೆಂಡತಿಯ ಪಾದಗಳು ಕಂಡವು. ದಿನಕ್ಕೆ ಹತ್ತು ಗಂಟೆ ನಿಂತು ಊದಿಕೊಂಡ ಪಾದಗಳು. ಆ ಪಾದಗಳ ಮುಂದೆ, ಫ್ಯಾನಿನ ಕೆಳಗೆ ಕೂತಿರುವ ಗಂಡಸು 'ನನಗೆ ಬೇಜಾರು' ಎಂದರೆ ದೂರು ಹೇಳಿದಂತಾಗುವುದಿಲ್ಲವೇ?

"ಹೂಂ ಕಣೇ" ಎಂದರು. "ಮೋಸಾನೇ. ನಂಗೆ ಮಾಡೋಕೆ ಬರ್ಲಿಲ್ಲ. ಸಿಕ್ಕಾಕ್ಕೊಂಡೆ."

ಕೆಂಪಕ್ಕ ಒಂದು ಕ್ಷಣ ಗಂಡನನ್ನೇ ನೋಡಿದರು. ನೋಡುತ್ತ ನೋಡುತ್ತ ತುಟಿ ಅದುರಿತು. ಆಮೇಲೆ ಅವರು ನಕ್ಕದ್ದು ನೋಡಬೇಕಿತ್ತು. ಮಂಚದ ಮೇಲೆ ಕುಸಿದು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಕಿತ್ತಳೆ ಸಿಪ್ಪೆ ಸಿಡ್ಸಿದ್ದೂ ನಾಟ್ಕಾನಾ?" ಎಂದು ಕೇಳಿ ಮತ್ತೆ ನಕ್ಕರು. ವನಿತಾಗೆ ಫೋನ್ ಮಾಡಿ, "ನಿಮ್ಮಪ್ಪನ ಕಳ್ಳತನ ಕೇಳೇ" ಎಂದು ಮೊದಲಿನಿಂದ ಹೇಳಿದರು. ಅತ್ತ ವನಿತಾ ನಗುವುದು ಇತ್ತ ಕೋಣೆಗೆಲ್ಲ ಕೇಳುತ್ತಿತ್ತು. ನಡುವೆ ಕೂತ ವೆಂಕಟಸ್ವಾಮಿಯವರು ತಾವು ಮಾಡದ ಅಪರಾಧದ ವಿವರಗಳನ್ನು ಉತ್ಸಾಹದಿಂದ ಒದಗಿಸಿದರು. ಬಾಟಲಿಗೆ ಬಗ್ಗಿಸುವಾಗ ಚೆಲ್ಲಿದ್ದು, ಪ್ಯಾಕೆಟ್ಟನ್ನು ಕಸದಲ್ಲಿ ಬಚ್ಚಿಟ್ಟಿದ್ದು, ಎಲ್ಲವನ್ನೂ ಅಲ್ಲೇ ಹುಟ್ಟಿಸಿ ಹೇಳಿದರು. ಮಧ್ಯಾಹ್ನದವರೆಗೂ ಮನೆಯಲ್ಲಿ ಮಾತಿತ್ತು. ಅಷ್ಟಕ್ಕೆ ಕಳ್ಳನೆನಿಸಿಕೊಂಡರೂ ನಷ್ಟವಿಲ್ಲ ಎನ್ನಿಸಿತು.

ಆದರೆ ಕೆಂಪಕ್ಕ ಒಳ್ಳೆಯ ಮನಸ್ಸಿನವರು. ನಗು ಮುಗಿದ ಮೇಲೆ ಗಂಡನ ಮೇಲೆ ಕನಿಕರ ಬಂತು.

"ಪಾಪ, ನಾನಂದಿದ್ದಕ್ಕೆ ಹೆದ್ರಿ ಇಷ್ಟೆಲ್ಲಾ ಒದ್ದಾಡಿದ್ದೀರಾ. ಇನ್ಮೇಲೆ ಕುದಿಸೋದೂ ಬೇಡ, ಕುಟ್ಟೋದೂ ಬೇಡ, ಅಂಗಡಿಗೆ ಅಲೆಯೋದೂ ಬೇಡ. ಕೊಡಿ ಫೋನು" ಎಂದರು. ಫ್ಯಾಕ್ಟರಿಯ ಹುಡುಗಿಯರಿಂದ ಕಲಿತಿದ್ದ ವಿದ್ಯೆಯಿಂದ ಐದು ನಿಮಿಷದಲ್ಲಿ ಅದರಲ್ಲೇನೋ ಹಾಕಿಕೊಟ್ಟರು. "ಬೇಕಾದ್ದು ಒತ್ತಿದ್ರೆ ಹತ್ತೇ ನಿಮಿಷಕ್ಕೆ ಅಂಗಡಿ ಸಾಮಾನು ಬಾಗ್ಲಿಗೆ ಬರತ್ತೆ. ನೀವು ಆರಾಮಾಗಿ ಕೂತ್ಕೊಳ್ಳಿ."

ಸೋಮವಾರ ಹನ್ನೊಂದು ಗಂಟೆಗೆ ವೆಂಕಟಸ್ವಾಮಿಯವರು ಒತ್ತಿದರು. ತರುವವರಿಗೊಂದು, ತಮಗೊಂದು ಎಂದು ಎರಡು ಲೋಟ ಕಾಫಿ ಬೆರೆಸಿಟ್ಟು, ತಲೆ ಬಾಚಿಕೊಂಡು, ಕುರ್ಚಿ ಸರಿಪಡಿಸಿದರು. ಬೆಲ್ಲು ಹೊಡೆಯಿತು. ಓಡಿಹೋಗಿ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಂದು ಕಾಗದದ ಚೀಲ ಇತ್ತು. ಬೀದಿಯ ತಿರುವಿನಲ್ಲಿ ಒಂದು ಸ್ಕೂಟರಿನ ಬೆನ್ನು ಕಂಡು ಮರೆಯಾಯಿತು.

ಅಷ್ಟರಲ್ಲಿ ಫೋನು ಟಿಂಗ್ ಎಂದಿತು. 'ನಮ್ಮ ಸೇವೆ ಹೇಗಿತ್ತು? ನೀವು ಹೇಳಬೇಕಾದದ್ದು ಏನಾದರೂ ಇದೆಯೇ?'

ವೆಂಕಟಸ್ವಾಮಿಯವರು ಅದನ್ನು ಎರಡು ಸಲ ಓದಿದರು. ಒಳಗೆ ಹೋಗಿ ಕನ್ನಡಕ ಮತ್ತು ಒಂದು ಲೋಟ ಕಾಫಿ ತಂದು ಮೆಟ್ಟಿಲ ಮೇಲೆ ಕೂತರು. ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, 'ನಮಸ್ಕಾರ, ನಾನು ವೆಂಕಟಸ್ವಾಮಿ, ಜರಗನಹಳ್ಳಿಯಿಂದ' ಎಂದು ಶುರುಮಾಡಿದರು. ಮೆಟ್ರೋ ವಿಷಯ ಬರೆದರು, ಟೊಮೆಟೊ ವಿಷಯ ಬರೆದರು, ಟ್ರಂಕಿನ ವಿಷಯವನ್ನೂ ನಿಜ ನಿಜವಾಗಿ ಬರೆಯಹೊರಟರು. ಅರ್ಧದಲ್ಲೇ ಫೋನು, 'ಇದಕ್ಕಿಂತ ಉದ್ದ ಬರೆಯಲಾಗದು' ಎಂದಿತು.

ಬೇಜಾರು ಮಾಡಿಕೊಳ್ಳಲಿಲ್ಲ ಅವರು. ಬರೆದಷ್ಟನ್ನು ಕಳಿಸಿ, ಕಾಫಿಯ ಒಂದು ಗುಟುಕು ಕುಡಿದು, ಉಳಿದದ್ದನ್ನು ಹೇಳಲು ಇನ್ನೊಂದು ಸೋಪಿಗೆ ಆರ್ಡರ್ ಒತ್ತಿದರು.