ಹುಂಜದ ಮೇಲೊಂದು ಅರ್ಜಿ

ಕೋಳಿ ಸಾಕಿದರೆ ಮನೆಯಲ್ಲಿ ತತ್ತಿಗೆ ಕೊರತೆ ಇರುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ಕೋಳಿ ಸಾಕಿದೆ. ತತ್ತಿಗೆ ಕೊರತೆ ಇದ್ದೇ ಇದೆ, ಕೆಳಗೆ ಹೇಳುವಂಥ ಪ್ರಸಂಗಗಳಿಗೆ ಮಾತ್ರ ಇಲ್ಲ. ವಾರಕ್ಕೊಂದಾದರೂ ನಡೆಯುತ್ತದೆ, ಮತ್ತು ಕೊನೆಗೆ ಪೆದ್ದನಾಗುವವನು ಪ್ರತಿ ಸಲವೂ ನಾನೇ.

ನಮ್ಮ ಊರು ಕಲಬುರಗಿ ಕಡೆಯ ವಾಡಿ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಚೀಲ ತುಂಬುವ ಕಡೆ ವರ್ಷಗಟ್ಟಲೆ ಪಾಳಿ ಮಾಡಿ ನಿವೃತ್ತನಾದೆ. ಇನ್ನು ಮುಂದೆ ನನ್ನ ಮಾತು ಕೇಳಲು ಯಾರಾದರೂ ಬೇಕಲ್ಲ ಎಂದು ಆರು ಹೇಂಟೆ, ಒಂದು ಕೆಂಪು ಹುಂಜ ತಂದೆ. ಹೆಂಡತಿ ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು: "ಮಗಳ ಮದಿವಿ ಆಗಿ ಅಳಿಯಾ ಮನಿಗಿ ಬಂದ ದಿನ ಈ ಹುಂಜ ಗಡಿಗಿಗೆ. ಆಗ ಇಲ್ಲ ಅನಬ್ಯಾಡ್ರಿ." ಮಗಳಿಗೆ ಆಗಿನ್ನೂ ವರ ಗೊತ್ತಾಗಿರಲಿಲ್ಲ. ನಾನು ಧಾರಾಳವಾಗಿ ಹೂಂ ಎಂದೆ.

ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್ ಮಾಸ್ತರರು ಮತ್ತು ಅವರ ಹೆಂಡತಿ. ಆಕೆಯನ್ನು ಓಣಿಯವರೆಲ್ಲ ಅಕ್ಕಾರು ಎನ್ನುತ್ತಾರೆ. ಲಿಂಗವಂತರು, ಮನೆಯಲ್ಲಿ ಮಾಂಸ ತತ್ತಿಯ ಹೆಸರೂ ಎತ್ತುವುದಿಲ್ಲ. ನಮ್ಮಿಬ್ಬರ ಹಿತ್ತಲ ನಡುವೆ ಪರ್ಸಿ, ಅಂದರೆ ಕಲ್ಲುಚಪ್ಪಡಿ, ನಿಲ್ಲಿಸಿದ ಎದೆಮಟ್ಟದ ಗೋಡೆ. ಅದರಲ್ಲಿ ಒಂದು ಕಲ್ಲು ಬಿದ್ದು, ಒಬ್ಬರು ನುಸುಳುವಷ್ಟು ಸಂದಿಯಾಗಿ ವರ್ಷಗಳಾದವು. ಆ ಸಂದಿಯಿಂದ ಅವರ ಮಜ್ಜಿಗೆ ನಮ್ಮ ಕಡೆ ಬರುತ್ತದೆ, ನಮ್ಮ ಕೋಳಿ ಅವರ ಕಡೆ ಹೋಗುತ್ತದೆ.

೧. ಗೂಡು

ಕೋಳಿ ಬಂದ ಮೇಲೆ ಗೂಡು ಬೇಕು. ಶಹಾಬಾದಿನಿಂದ ಪರಿಚಯದ ಗೌಂಡಿಯನ್ನು ಕರೆಸಿದೆ. "ಕಟ್ಟಗಿದು ಬ್ಯಾಡ್ರಿ, ಹುಳ ಹತ್ತತಾವ. ಪರ್ಸಿದು ಮಾಡ್ತೀನಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಂಗಿಲ್ಲ" ಎಂದ. ನೆಲಕ್ಕೆ ಪರ್ಸಿ, ಗೋಡೆಗೆ ಪರ್ಸಿ, ಮೇಲೆ ಪರ್ಸಿ. ಮುಂದೆ ಎರಡು ಮೆಟ್ಟಿಲು ಬೇರೆ. ನಮ್ಮ ಮನೆಗೆ ಮೆಟ್ಟಿಲಿಲ್ಲ.

ಕಟ್ಟಿದ್ದು ಏಪ್ರಿಲ್ ತಿಂಗಳಲ್ಲಿ. ನಮ್ಮ ಕಡೆ ಬಿಸಿಲು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಸಂಜೆ ಆರಕ್ಕೆ ಒಳಗೆ ಕೈ ಹಾಕಿ ನೋಡಿದೆ, ರೊಟ್ಟಿಯ ಹಂಚು ಮುಟ್ಟಿದಂತಾಯಿತು. ಕೋಳಿಗಳು ಮೆಟ್ಟಿಲ ತನಕ ಬಂದು, ಒಳಗೆ ಇಣುಕಿ, ಒಂದರ ಹಿಂದೆ ಒಂದು ಬೇವಿನ ಮರ ಹತ್ತಿದವು. ನಾನು ದಿನಾ ಇಳಿಸುವುದು, ಅವು ದಿನಾ ಹತ್ತುವುದು. ಮಳೆಗಾಲ ಬಂದು ಕಲ್ಲು ತಣ್ಣಗಾಯಿತು, ಆದರೆ ಅಷ್ಟರಲ್ಲಿ ಅವಕ್ಕೆ ಮರವೇ ರೂಢಿಯಾಗಿತ್ತು. ಗೂಡು ಖಾಲಿ ಇದ್ದದ್ದನ್ನು ನೋಡಿ ಓಣಿಯ ಕರಿ ನಾಯಿ ಒಳಗೆ ಹೋಗಿ ಐದು ಮರಿ ಹಾಕಿತು.

ದೀಪಾವಳಿಗೆ ಗೌಂಡಿ ರಸ್ತೆಯಲ್ಲಿ ಸಿಕ್ಕ. "ಹ್ಯಾಂಗರಿ, ಗೂಡಿನ್ಯಾಗ ಎಲ್ಲಾ ಅರಾಮ?" ಎಂದು ಹೆಮ್ಮೆಯಿಂದ ಕೇಳಿದ.

"ಎಲ್ಲಾ ಅರಾಮ ಅದಾವಪ್ಪಾ," ಎಂದೆ. "ಮೊನ್ನಿ ಇನ್ನ ಕಣ್ಣು ತೆರದಾವ."

೨. ನಿಮ್ಮ ಸಾಮಾನು

ಐದು ಹೇಂಟೆ ನಮ್ಮ ಹಿತ್ತಲಲ್ಲೇ ತತ್ತಿ ಇಡುತ್ತವೆ. ಚುಕ್ಕಿ ಹೇಂಟೆಗೆ ಮಾತ್ರ ನಮ್ಮ ಹಿತ್ತಲು ಸೇರುವುದಿಲ್ಲ. ನಾನು ಬುಟ್ಟಿ ಇಟ್ಟು, ಹುಲ್ಲು ಹಾಸಿ, ಎಷ್ಟು ಮರ್ಯಾದೆ ಮಾಡಿದರೂ ಅದು ಸಂದಿಯಿಂದ ನುಸುಳಿ ಅಕ್ಕಾರು ಒಟ್ಟಿದ ಸೆಗಣಿ ಕುಳ್ಳಿನ ಮೇಲೆ ಹೋಗಿ ಕೂಡುತ್ತದೆ.

ಅಕ್ಕಾರು ತತ್ತಿ ಮುಟ್ಟುವುದಿಲ್ಲ. ಆ ಮಾತನ್ನೂ ಬಾಯಿಯಲ್ಲಿ ಆಡುವುದಿಲ್ಲ. ಗೋಡೆಯ ಆಚೆಯಿಂದ ಕೂಗು ಬರುತ್ತದೆ: "ಅಣ್ಣಾರೆ, ನಿಮ್ಮ ಸಾಮಾನು ಬಿದ್ದದ ನೋಡ್ರಿ. ತಗೊಂಡು ಹೋಗ್ರಿ."

ನಾನು ಹೋಗಿ ತಲೆ ತಗ್ಗಿಸಿಕೊಂಡು ಎತ್ತಿ ತರಬೇಕು. ಅವರು ಆ ಕಡೆ ಮುಖ ಮಾಡಿ ನಿಂತಿರುತ್ತಾರೆ. ನಾನು ಸಂದಿ ದಾಟಿದ ಮೇಲೆ ಆ ಜಾಗಕ್ಕೆ ನೀರು ಚಿಮುಕಿಸುತ್ತಾರೆ. ನನಗೆ ದಿನಾ ನಾಚಿಕೆ. ಕೋಳಿ ಕಟ್ಟಿ ಹಾಕಲೇ ಎಂದು ಎಷ್ಟೋ ಸಲ ಕೇಳಿದೆ. "ಮೂಕ ಪ್ರಾಣಿ, ಅದಕ್ಕೇನ ತಿಳೀತದ" ಎಂದು ಗೊಣಗುತ್ತಿದ್ದರು.

ಒಮ್ಮೆ ಗಂಡ ಹೆಂಡತಿ ಇಬ್ಬರೂ ಕಲಬುರಗಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ಅಕ್ಕಾರು ಕೈಯಲ್ಲಿನ ಚೀಲ ಕೆಳಗಿಡದೆ ನೇರ ಗೋಡೆಗೆ ಬಂದರು.

"ಅಣ್ಣಾರೆ, ನಾಕು ದಿನದಾಗ ಎಷ್ಟು ಬಿದ್ದಾವ ಸಾಮಾನು?"

"ಎರಡು ಅಕ್ಕಾರೆ."

"ಎರಡೇ? ನಾ ಇದ್ದಾಗ ದಿನಾ ಒಂದು ಇಡ್ತದ." ಅವರ ಮುಖ ಬಿಗಿಯಾಯಿತು. "ಮುಂಜಾನಿ ಒಂದು ಬೊಗಸಿ ಜ್ವಾಳ, ಸಂಜಿಕ ಒಂದು ಬೊಗಸಿ ನಾ ಹಾಕ್ತೀನಿ. ಹುಂಜಕ್ಕ ಬ್ಯಾರೆ. ಅಷ್ಟೂ ಹಾಕ್ಲಿಕ್ಕೆ ಆಗಂಗಿಲ್ಲಂದ್ರ ನೀವು ಕೋಳಿ ಯಾಕ ಸಾಕ್ತೀರಿ?"

೩. ಸದರಿ ಹುಂಜವು

ಹುಂಜ ಬೆಳಗಿನ ಜಾವ ಕೂಗುತ್ತದೆ, ಅದು ಅದರ ಧರ್ಮ. ನಮ್ಮದು ಅಷ್ಟಕ್ಕೇ ನಿಲ್ಲುವುದಿಲ್ಲ. ಪಾಳಿ ಬದಲಾಗುವಾಗ ಫ್ಯಾಕ್ಟರಿಯ ಭೋಂಗಾ, ಅಂದರೆ ಸೈರನ್, ಹೊಡೆದಾಗಲೆಲ್ಲ ಗೋಡೆ ಹತ್ತಿ ಜವಾಬು ಕೊಡುತ್ತದೆ. ಬೆಳಿಗ್ಗೆ ಆರಕ್ಕೆ, ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ. ನಾನು ನಿವೃತ್ತನಾದೆ, ನನ್ನ ಪಾಳಿಯನ್ನು ಅದು ಹಿಡಿಯಿತು.

ಮಾಸ್ತರರು ಒಂದು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂಬಾಗಿಲಿಂದ ಬಂದರು. ಸಂದಿಯಿಂದ ಬರಲಿಲ್ಲ, ಆದ್ದರಿಂದ ವಿಷಯ ಗಂಭೀರವೆಂದು ತಿಳಿಯಿತು. ಕೈಯಲ್ಲಿ ಪುರಸಭೆಗೆ ಬರೆದ ಅರ್ಜಿ.

"ನಿಮಗ ತಿಳಿಸದ ಕೊಡೋದು ನ್ಯಾಯ ಅಲ್ಲ. ಓದ್ರಿ."

ಓದಿದೆ. "ಸದರಿ ಹುಂಜವು ದಿನನಿತ್ಯ ಬೆಳಗಿನ ಜಾವ ನಾಲ್ಕು ಗಂಟೆಗೆ, ಯಾವುದೇ ಪ್ರಚೋದನೆ ಇಲ್ಲದೆ, ಅರ್ಜಿದಾರನ ಮನೆಯ ದಿಕ್ಕಿಗೆ ಮುಖ ಮಾಡಿ ಕೂಗುವುದರಿಂದ..." ಅಕ್ಷರ ಮುತ್ತಿನಂತಿತ್ತು.

"ನಾಕಕ್ಕಲ್ರಿ ಸರ್, ನಾಕೂವರಿಗಿ ಕೂಗ್ತದ," ಎಂದೆ. "ಪ್ರಚೋದನೆ ಇಲ್ಲ ಅನ್ನೋದೂ ಖರೆ ಅಲ್ರಿ. ಆ ಹೊತ್ತಿಗಿ ಗೂಡ್ಸ್ ಗಾಡಿ ಸೀಟಿ ಹೊಡೀತದ."

ಜೀವನವಿಡೀ ಹುಡುಗರ ತಪ್ಪಿಗೆ ಕೆಂಪು ಗೆರೆ ಎಳೆದ ಮನುಷ್ಯ. ತಮ್ಮ ಅರ್ಜಿಯಲ್ಲೇ ತಪ್ಪಿದೆ ಎಂದರೆ ಹೇಗೆ ಸಹಿಸುತ್ತಾರೆ? ಕಾಗದ ಮಡಚಿದರು. "ಪರಿಶೀಲಿಸಿ ಕೊಡ್ತೀನಿ" ಎಂದು ಹೋದರು. ಮರುದಿನದಿಂದ ಹಿತ್ತಲಲ್ಲಿ ಕುರ್ಚಿ, ಗಡಿಯಾರ, ನೋಟ್‌ಬುಕ್ಕು. ಹುಂಜ ಕೂಗುವ ಸಮಯ ಬರೆದುಕೊಳ್ಳಬೇಕಾದರೆ ಅದಕ್ಕಿಂತ ಮೊದಲು ಏಳಬೇಕಲ್ಲ? ನಾಲ್ಕಕ್ಕೇ ಎದ್ದು ಕೂತು, ಆ ತಂಪಿಗೆ ಎರಡು ಸಲ ಕೆಮ್ಮುತ್ತಾರೆ. ಕೆಮ್ಮಿಗೆ ಹುಂಜ ಎಚ್ಚರಾಗಿ ಕೂಗುತ್ತದೆ. ಹುಂಜಕ್ಕೆ ಓಣಿ ಎಚ್ಚರಾಗುತ್ತದೆ.

ಹೆಂಡತಿ ಹೊದ್ದುಕೊಂಡೇ ಹೇಳಿದಳು: "ನೀವೂ ಒಂದು ಅರ್ಜಿ ಬರೀರಿ. ಸದರಿ ಮಾಸ್ತರು ಅಂತ."

೪. ಬುಧವಾರ

ಮಗಳ ಮದುವೆ ಆಯಿತು, ಸುಲೇಪೇಟಕ್ಕೆ ಕೊಟ್ಟೆವು. ಮದುವೆಯ ಗದ್ದಲ ಮುಗಿದ ಮೇಲೆ ಫೋನ್ ಬಂತು. ಅಳಿಯ, ಮಗಳು ಇಬ್ಬರೂ ಮಂಗಳವಾರ ಸಂಜೆ ಬಂದು, ಗುರುವಾರ ಬೆಳಿಗ್ಗೆ ಹೋಗುತ್ತಾರೆ. ಹೆಂಡತಿ ಹುಂಜವನ್ನು ನೋಡಿದಳು. ನಾನು ನೆಲ ನೋಡಿದೆ.

ನಿಜ ಹೇಳುತ್ತೇನೆ, ನನಗೆ ಆ ಹುಂಜ ಬೇಕಿತ್ತು. ಕೆಲಸ ಬಿಟ್ಟ ಮೇಲೆ ನಾನು ಎದ್ದು ಹೋದರೆ ಹಿಂದೆ ಬರುವ, ಕೂತರೆ ಪಕ್ಕದಲ್ಲಿ ನಿಲ್ಲುವ ಜೀವ ಅದೊಂದೇ. ಆದರೆ ಹುಂಜದ ಮೇಲಿನ ಮಾಯೆಗೆ ಅಳಿಯನಿಗೆ ಬದನೆಕಾಯಿ ಬಡಿಸಿದೆ ಎಂದರೆ ಬೀಗರು ಏನೆಂದಾರು?

ನಮ್ಮಲ್ಲಿ ಎಲ್ಲರೂ ಒಂದೋ ಎರಡೋ ವಾರ ಮಾಡುತ್ತಾರೆ, ಅಂದರೆ ಆ ದಿನ ಮಾಂಸ ಮುಟ್ಟುವುದಿಲ್ಲ. ನಮ್ಮ ಜೊತೆಗಿರುವ ನನ್ನ ಅವ್ವ ಸೋಮವಾರ, ಗುರುವಾರ. ಹೆಂಡತಿ ಮಂಗಳವಾರ, ಶುಕ್ರವಾರ. ಅಳಿಯ ಹನುಮಪ್ಪನ ಶನಿವಾರ. ಇಷ್ಟು ದಿನ ಹುಂಜ ಈ ದೇವರುಗಳ ನಡುವೆ ನುಸುಳಿಕೊಂಡು ಬದುಕಿತ್ತು. ಅಳಿಯ ಇರುವ ದಿನಗಳಲ್ಲಿ ಬುಧವಾರ ಮಾತ್ರ ಯಾರದೂ ಇರಲಿಲ್ಲ.

"ಈ ಸಲದಿಂದ ನಾ ಬುಧವಾರ ಮಾಡ್ತೀನಿ," ಎಂದೆ.

ಹೆಂಡತಿ ಸೊಂಟದ ಮೇಲೆ ಕೈ ಇಟ್ಟಳು. "ಬುಧವಾರ ಯಾವ ದೇವರದ್ರೀ?"

ಆಗ ಗೋಡೆಯ ಆಚೆಯಿಂದ ಮಾಸ್ತರರ ದನಿ ಬಂತು: "ಪಾಂಡುರಂಗಂದು, ತಂಗಿ."

ನಾನು ಬೆರಗಾದೆ. ಹುಂಜದ ವೈರಿಯೇ ಅದಕ್ಕೊಬ್ಬ ದೇವರನ್ನು ಹುಡುಕಿ ಕೊಟ್ಟಿದ್ದರು. ಹೆಂಡತಿ ಮಾತ್ರ ಸೋಲಲಿಲ್ಲ. "ಹಂಗಾರ ನೀವು ಪುಂಡಿಪಲ್ಯ ಉಣ್ರಿ. ಅಳಿಯಾಗ ಪಾಂಡುರಂಗ ಅಡ್ಡ ಬರಂಗಿಲ್ಲ" ಎಂದಳು.

ಮಂಗಳವಾರ ಅಳಿಯ ಬಂದ. ಹುಂಜವನ್ನು ಹಿಡಿದು ಬುಟ್ಟಿಯ ಕೆಳಗೆ ಹಾಕಿದ್ದು ನಾನೇ, ಯಾಕೆಂದರೆ ಅದು ನನ್ನ ಕೈಗೆ ಮಾತ್ರ ಸಿಗುತ್ತಿತ್ತು. ಅಂದು ನನಗೆ ಊಟ ಸೇರಲಿಲ್ಲ.

ಬುಧವಾರ ಬೆಳಿಗ್ಗೆ ಮಸಾಲೆ ಅರೆದಾಗಿತ್ತು. ಹೆಂಡತಿ ಹೋಗಿ ಬುಟ್ಟಿ ಎತ್ತಿದಳು. ಕೆಳಗೆ ಎರಡು ಕೆಂಪು ಪುಕ್ಕ, ಅಷ್ಟೇ. ನನ್ನ ಕಡೆ ತಿರುಗಿದಳು. ನಾನು ಅವ್ವನ ಮೇಲೆ ಆಣೆ ಇಟ್ಟೆ. ಬೇವಿನ ಮರ ನೋಡಿದೆವು, ಗೂಡಿನಲ್ಲಿ ನಾಯಿಮರಿಗಳನ್ನು ಸರಿಸಿ ನೋಡಿದೆವು. ಅಳಿಯ ಬ್ರಶ್ ಬಾಯಲ್ಲಿಟ್ಟುಕೊಂಡೇ ನಮ್ಮ ಹಿಂದೆ ಓಡಾಡಿದ.

ಮಾಸ್ತರರು ಗೋಡೆಯ ಆಚೆ ವಿಭೂತಿ ಹಚ್ಚಿಕೊಂಡು ಪೇಪರ್ ಓದುತ್ತಿದ್ದರು.

"ಸರ್, ನಮ್ಮ ಹುಂಜ ಈ ಕಡಿಗಿ ಬಂದದೇನ್ರಿ?" ಎಂದು ಹೆಂಡತಿ ಕೇಳಿದಳು.

"ನಮ್ಮ ಮನ್ಯಾಗ ಅಂಥಾ ಸಾಮಾನು ಎಲ್ಲಿಂದ ಬರಬೇಕವ್ವಾ?" ಎಂದು ಹಾಳೆ ತಿರುವಿದರು.

ಅಷ್ಟರಲ್ಲಿ ಗಂಟೆ ಎಂಟಾಯಿತು. ಫ್ಯಾಕ್ಟರಿಯ ಭೋಂಗಾ ಹೊಡೆಯಿತು. ಮಾಸ್ತರರ ಬಚ್ಚಲಿನಿಂದ ನಮ್ಮ ಹುಂಜ ತಾನು ಹಾಜರಿದ್ದೇನೆಂದು ಗಂಟಲು ಬಿಚ್ಚಿ ಹೇಳಿತು.

ಅಕ್ಕಾರು ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು. "ನಾ ಮುಟ್ಟಿಲ್ಲ ತಂಗಿ, ಲಿಂಗದಾಣಿ. ಆರರ ಭೋಂಗಾ ಆದ ಮ್ಯಾಲ ಬುಟ್ಟಿ ಎತ್ತಿ ಜ್ವಾಳ ತೋರಿಸಿದೆ. ಅದೇ ನನ್ನ ಹಿಂದ ನಡ್ಕೋತ ಬಂತು."

ಹೆಂಡತಿ ಮಾಸ್ತರರನ್ನು ನೋಡಿದಳು. "ಹುಂಜದ ಕಾಟ ಅಂತ ಅರ್ಜಿ ಬರದವರು ನೀವೇ ಅಲ್ರಿ ಸರ್?"

ಮಾಸ್ತರರು ಎದ್ದು ನಿಂತರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ಬರದಾಂವ ನಾನೇ. ಅದಕ್ಕ ಇಟ್ಕೊಂಡೀನಿ. ಹುಂಜ ಈ ಕೇಸಿನ್ಯಾಗ ಆರೋಪಿ ಅದ. ಕೇಸು ಮುಗಿಯೋತನಾ ಆರೋಪಿ ಜೀವಂತ ಇರಬೇಕು."

"ಮುಗಿಯೋದು ಯಾವಾಗ್ರಿ?"

"ಪರಿಶೀಲನಾ ಮುಗದು, ಅರ್ಜಿ ಕೊಟ್ಟ ಮ್ಯಾಲ."