ಬಾಲದಲ್ಲಿ ಕೂತ ಹೊಲಿಗೆ ಮೆಷಿನ್ನು

ಎಲ್ಲಾ ಶುರುವಾದದ್ದು ಅತ್ತೆಯ ಒಂದು ಫೋನಿನಿಂದ.

"ಅಳಿಯಂದ್ರೇ, ರಿಪೇರಿಗೆ ಕೊಟ್ಟ ನನ್ನ ಹೊಲಿಗೆ ಮೆಷಿನ್ನು ಇವತ್ತು ಸಂಜೆಯೊಳಗೆ ನನ್ನ ಕೈ ಸೇರ್ಬೇಕು. ಇಲ್ಲಾಂದ್ರೆ ನಾನೇ ಅಲ್ಲಿಗೆ ಬಂದು ಅದರ ಜೊತೆ ಇದ್ದುಬಿಡ್ತೀನಿ!"

ಅಳಿಯ ಗಡಿಯಾರ ರಿಪೇರಿಯವನು. ಕಳೆದ ಸಲ ಬಂದಿದ್ದಾಗ ಅತ್ತೆ, ಶಿಸ್ತಿರಲಿ ಎಂದು ಅಂಗಡಿಯ ಗಡಿಯಾರಗಳೆಲ್ಲ ಒಟ್ಟಿಗೇ ಬಾರಿಸುವಂತೆ ತಿರುಗಿಸಿಟ್ಟಿದ್ದರು. ಅವನ ಕಿವಿ ಇನ್ನೂ ಗುಂಯ್‌ಗುಡುತ್ತಿತ್ತು. ಮೆಷಿನ್ನನ್ನು ಚೀಲಕ್ಕೆ ತುರುಕಿಕೊಂಡು, ಬೆಟ್ಟದಾಚೆಗೆ ಹಾರುವ ಪುಟ್ಟ ವಿಮಾನದತ್ತ ಓಡಿದ.

ಅಲ್ಲಿ ಸಾಮಾನಿನ ಜೊತೆ ಜನರನ್ನೂ ತೂಗಿಯೇ ಹತ್ತಿಸುವುದು; ಭಾರ ಹೆಚ್ಚಾದರೆ ಸಾಮಾನು ಇಲ್ಲೇ ಉಳಿಯಬೇಕು. ಗಡಿಯಾರದವನು ಚೀಲ ಹೆಗಲಿಗೇರಿಸಿ ತೂಕದ ಹಲಗೆ ಹತ್ತಿದ. ಕೈಯಲ್ಲಿದ್ದ ಕೊಡೆಯನ್ನು ಮೆಲ್ಲಗೆ ಪಕ್ಕದ ನೆಲಕ್ಕೂರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ.

"ಏನಣ್ಣಾ, ಒಣಗಿದ ಟವೆಲ್ ಥರಾ ಇದೀಯಲ್ಲ! ಮನೇಲಿ ಊಟ ಹಾಕ್ತಾರೋ ಇಲ್ವೋ?" ಎಂದ ತೂಕದವ, ಮುಳ್ಳು ನೋಡಿ.

"ಹಾಕ್ತಾರೆ... ಮೈಗೆ ಹತ್ತಲ್ಲ."

"ಹಗುರದವರು ಹಿಂದೆ! ಬಾಲದ ಕಡೆ ಹೋಗು."

ಬೆಟ್ಟಗಳ ನಡುವೆ ಇಂಜಿನ್ನು ಎರಡು ಸಲ ಕೆಮ್ಮಿತು. ಆಮೇಲೆ ಮುನಿಸಿಕೊಂಡ ಮಗುವಿನಂತೆ ಮಾತು ಬಿಟ್ಟಿತು. 'ಅಯ್ಯೋ, ನನ್ನ ಭಾರಕ್ಕೇ!' ಎಂದು ಗಡಿಯಾರದವನು ಚೀಲವನ್ನು ತಬ್ಬಿ ಕಣ್ಣು ಮುಚ್ಚಿದ. ವಿಮಾನ ಒಂದು ಹುಲ್ಲುಗಾವಲಿಗೆ ದಬಕ್ಕನೆ ಇಳಿದು, ಸರ್ರನೆ ಜಾರಿ, ಕಂದಕದ ಅಂಚಿನಾಚೆಗೆ ಮೂಗು ಚಾಚಿ ನಿಂತಿತು. ಇಷ್ಟೇ ಇಷ್ಟು ಮುಂದಕ್ಕೆ ವಾಲಿತು. ಏನನ್ನಿಸಿತೋ ಏನೋ, ಮತ್ತೆ ಹಿಂದಕ್ಕೆ ಬಾಗಿ ಬಾಲ ಊರಿ ಕೂತುಬಿಟ್ಟಿತು.

ಎಲ್ಲರೂ ಹಿಂಬಾಗಿಲಿನಿಂದ ಇಳಿದು ಹುಲ್ಲಿನ ಮೇಲೆ ಕುಸಿದರು. ಒಬ್ಬರಿಗೂ ಒಂದು ತರಚು ಗಾಯವಿಲ್ಲ.

"ತೂಕದ ಲೆಕ್ಕ ನೋಡಿದ್ರೆ ನಾವು ಮುಂದಕ್ಕೆ ಮಗುಚಬೇಕಿತ್ತು," ಎಂದ ಪೈಲಟ್ ತಲೆ ಕೆರೆಯುತ್ತ. "ಬಾಲದಲ್ಲಿ ಕೂತಿದ್ದು ಯಾರು?"

ಗಡಿಯಾರದವನು ಚೀಲ ಬಿಚ್ಚಿದ. "ತಪ್ಪಾಯ್ತು ಸಾರ್. ತೂಕ ಮುಚ್ಚಿಟ್ಟು ಇದನ್ನ ತಂದೆ. ನನ್ನಿಂದ್ಲೇ ಬಿತ್ತು."

"ಬಿದ್ದಿದ್ದು ಇಂಜಿನ್ನಿನ ಪೈಪ್ ಒಡೆದು ಕಣಣ್ಣಾ! ಉಳಿದಿದ್ದು ಇದರಿಂದ!" ಪೈಲಟ್ ಮೆಷಿನ್ನನ್ನೇ ತಬ್ಬಿಕೊಂಡ. ಜೊತೆಗೆ ಬಂದಿದ್ದ ಬೇಕರಿಯಮ್ಮ ಅಳುತ್ತಾ ತನ್ನ ಶಾಲು ತೆಗೆದು ಅದಕ್ಕೆ ಹೊದಿಸಿದಳು, ಪಾಪ, ಅದಕ್ಕೆ ಚಳಿಯಾದೀತೆಂದು.

ಸರದಿಯಂತೆ ಹೆಗಲು ಕೊಟ್ಟು, ಮದುಮಗಳನ್ನು ಕರೆದೊಯ್ಯುವಷ್ಟು ಜೋಪಾನವಾಗಿ ಎಲ್ಲರೂ ಅದನ್ನು ಬೆಟ್ಟ ಇಳಿಸಿದರು. ಹೊತ್ತು ಮುಳುಗುವ ಮೊದಲೇ ಅತ್ತೆಯ ಬಾಗಿಲು. ಗಡಿಯಾರದವನ ಕಣ್ಣು ತುಂಬಿ ಬಂತು. ಜೀವ ಉಳಿದಿದೆ, ಮೆಷಿನ್ನು ತಲುಪಿದೆ, ಅತ್ತೆ ಇಲ್ಲೇ ಇರುತ್ತಾರೆ. ಒಬ್ಬ ಮನುಷ್ಯನಿಗೆ ಇನ್ನೇನು ಬೇಕು!

ಕತೆಯನ್ನೆಲ್ಲ ಕೇಳಿದ ಅತ್ತೆ ಮೆಷಿನ್ನಿನ ತಲೆ ಸವರಿದರು. "ನನ್ನ ಮಗಳ ಬಾಳು ಉಳಿಸಿದೆಯಲ್ಲೇ ತಾಯೀ! ಇನ್ನು ನೀನು ಇರ್ಬೇಕಾದ್ದು ಅವಳ ಮನೇಲಿ. ವಾಪಸ್ ತಗೊಂಡು ಹೋಗಿ, ಅಳಿಯಂದ್ರೇ."

"ಆಗ್ಲಿ ಅತ್ತೆ, ಈಗ್ಲೇ!"

"ಆದ್ರೆ ಇಂಥದ್ದನ್ನ ಬಿಟ್ಟು ನಾನು ಹೇಗಿರ್ಲಿ?" ಅತ್ತೆ ಆಗಲೇ ಮಂಚದ ಕೆಳಗಿಂದ ಟ್ರಂಕು ಎಳೆಯುತ್ತಿದ್ದರು.

ಪೈಲಟ್ ಕಣ್ಣೊರೆಸಿಕೊಂಡ. "ಅಮ್ಮಾ, ವಿಮಾನ ರಿಪೇರಿಯಾಗ್ಲಿ, ನಿಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ. ಒಂದು ಪೈಸೆ ಬೇಡ."

"ವಾಪಸ್ ಬರೋಕೂ ಪುಕ್ಕಟೆ ತಾನೇ ಸಾರ್?" ಎಂದು ಕೇಳಿದ ಗಡಿಯಾರದವನು.

"ವಾಪಸ್ ಯಾಕೆ?" ಎಂದರು ಅತ್ತೆ.